ಸತ್ಯಾಂಶ: ಸಿಲಿಕಾನ್ ಆನೋಡ್‌ನಿಂದ ಬ್ಯಾಟರಿ ಹತ್ತು ಪಟ್ಟು ಹೆಚ್ಚು ಬರುತ್ತದೆಯೇ?

‘ಗ್ರಾಫೈಟ್ ಬದಲು ಸಿಲಿಕಾನ್ ಆನೋಡ್ ಹಾಕಿದರೆ ಬ್ಯಾಟರಿ ಹತ್ತು ಪಟ್ಟು ಹೆಚ್ಚು ಬರುತ್ತದೆ, ಕಂಪನಿಗಳು ಇದನ್ನು ಮುಚ್ಚಿಟ್ಟಿವೆ’ ಎಂಬ ಸಂದೇಶ ಹರಿದಾಡುತ್ತಿದೆ. ಅದರಲ್ಲಿರುವ ಅಂಕಿ ಸುಳ್ಳಲ್ಲ, ತೀರ್ಮಾನ ತಪ್ಪು.

ಆನೋಡ್ ಎಂದರೆ ಚಾರ್ಜ್ ಆಗುವಾಗ ಲಿಥಿಯಂ ಹೀರಿಕೊಳ್ಳುವ, ಬ್ಯಾಟರಿಯ ಋಣಧ್ರುವ. ಒಂದು ಗ್ರಾಂ ಗ್ರಾಫೈಟ್ ಸುಮಾರು 372 ಮಿಲಿಆಂಪಿಯರ್-ಗಂಟೆಯಷ್ಟು ವಿದ್ಯುದಾವೇಶ ಹಿಡಿಯಬಲ್ಲದು. ಸಿಲಿಕಾನ್ ಸುಮಾರು 3,600. ಆದರೆ ಇದು ಆನೋಡ್ ಒಂದರ ಲೆಕ್ಕ. ಎದುರಿನ ಧನಧ್ರುವವಾದ ಕ್ಯಾಥೋಡ್‌ನ ಸಾಮರ್ಥ್ಯ ಗ್ರಾಂಗೆ 150ರಿಂದ 200ರ ಆಸುಪಾಸಿನಲ್ಲೇ ಉಳಿಯುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ಲಾಭ ಒಂದೂವರೆ ಪಟ್ಟನ್ನೂ ಮುಟ್ಟುವುದಿಲ್ಲ. ಹೊದಿಕೆ, ಧ್ರುವಗಳ ನಡುವೆ ಲಿಥಿಯಂ ಅಯಾನುಗಳನ್ನು ಸಾಗಿಸುವ ವಿದ್ಯುದ್ವಿಭಾಜ್ಯ, ಇವುಗಳ ತೂಕ ಸೇರಿದರೆ ಇನ್ನೂ ಕಡಿಮೆ.

ಲಿಥಿಯಂ ಹೀರಿಕೊಂಡಾಗ ಸಿಲಿಕಾನ್ ತನ್ನ ಗಾತ್ರದ ಮೂರು-ನಾಲ್ಕು ಪಟ್ಟು ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ದಪ್ಪ ಪದರವಾದರೆ ಕೆಲವೇ ಚಾರ್ಜ್‌ಗಳಲ್ಲಿ ಬಿರುಕು ಬಿಟ್ಟು ಪುಡಿಯಾಗುತ್ತದೆ. ತೆಳುಪದರ ಈ ಒತ್ತಡವನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆ. ಹಾಗಾಗಿಯೇ ಸೆನ್ಸರ್‌ನಂಥ ಪುಟ್ಟ ಸಾಧನಗಳ ತೆಳುಪದರ ಬ್ಯಾಟರಿಗಳಿಗೆ ಸಿಲಿಕಾನ್ ನಿಜಕ್ಕೂ ಆಕರ್ಷಕ. ಪದರ ತೆಳುವಾದಷ್ಟೂ ಒಟ್ಟು ಶಕ್ತಿ ಕಡಿಮೆ ಎಂಬುದನ್ನು ಮಾತ್ರ ಸಂದೇಶ ಹೇಳುವುದಿಲ್ಲ!

ಇಲ್ಲಿ ಇನ್ನೊಂದು ಸೊಗಸಾದ ತೊಡಕೂ ಇದೆ. ತೆಳುಪದರ ಬ್ಯಾಟರಿಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಆನೋಡ್ ಶುದ್ಧ ಲಿಥಿಯಂ ಲೋಹ. ಅದು ಸುಮಾರು 180 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸರ್ಕ್ಯೂಟ್ ಹಲಗೆಗೆ ಬಿಡಿಭಾಗಗಳನ್ನು ಬೆಸೆಯುವ ಕುಲುಮೆಯ ಬಿಸಿ 250 ಡಿಗ್ರಿಯ ಹತ್ತಿರ. ಆ ಬಿಸಿಯನ್ನು ತಾಳಬಲ್ಲ ಆನೋಡ್‌ಗಾಗಿ ಸಂಶೋಧಕರು ಸಿಲಿಕಾನ್, ತವರದ ಸಂಯುಕ್ತಗಳತ್ತ ಹೊರಳಿದರು. ಅಂದರೆ ಆಯ್ಕೆಯನ್ನು ಸಾಮರ್ಥ್ಯವೊಂದೇ ನಿರ್ಧರಿಸುವುದಿಲ್ಲ.

ಮುಚ್ಚಿಟ್ಟಿದ್ದಾರೆ ಎಂಬ ಮಾತಿಗೂ ಆಧಾರವಿಲ್ಲ. ಗ್ರಾಫೈಟ್‌ಗೆ ತುಸು ಸಿಲಿಕಾನ್ ಬೆರೆಸಿದ ಬ್ಯಾಟರಿಗಳು ಈಗಾಗಲೇ ಮೊಬೈಲ್‌ಗಳಲ್ಲಿ ಮಾರಾಟವಾಗುತ್ತಿವೆ.