ಕಾರು ಅತಿಥಿ, ಸೈಕಲ್ಲಿಗೆ ತಿಥಿ

ನನ್ನ ಅಣ್ಣನ ಮಗಳು ಎರಡು ವರ್ಷ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಓದಿ ಬಂದಿದ್ದಾಳೆ. ರೂಮು ಮಾಡಿಕೊಂಡಿದ್ದು ಪಕ್ಕದ ಹೌಟನ್ ಎಂಬ ಊರಿನಲ್ಲಿ. ಧಾರವಾಡಕ್ಕೆ ಹೋಗುವ ಮೊದಲು ಪುಣೆಯ ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದಳು. ನಾಲ್ಕೂ ದಿನ ಹೌಟನ್ ಪುರಾಣ.

"ಕಾಕಾ, ಅಲ್ಲಿ ಒಂದು ಬಡಾವಣೆಯಿಂದ ಇನ್ನೊಂದಕ್ಕ ಕಾರಿನ್ಯಾಗ ಹೋಗಬೇಕಂದ್ರ ಊರ ಹೊರಗಿನ ರಿಂಗ್ ರೋಡಿಗೆ ಹೋಗಿ ಸುತ್ತು ಹಾಕಿ ಬರಬೇಕು. ಸೈಕಲ್ ಆದ್ರ ಊರ ನಡುವಿಂದ ಸೀದಾ."

"ಕಾರಿನವ್ರು ಸುಮ್ನಿರ್ತಾರೇನವ್ವಾ?"

"ಅವ್ರೂ ಸೈಕಲ್ ಮ್ಯಾಲೇ ಇರ್ತಾರ."

ಹೌಟನ್‌ನಲ್ಲಿ ಇರುವುದೇ ಸುಮಾರು 50 ಸಾವಿರ ಜನ. ನಮ್ಮ ಪುಣೆಯ ಸ್ವಾರಗೇಟ್ ಚೌಕದಲ್ಲಿ ಒಂದು ಸಿಗ್ನಲ್ ಕೆಟ್ಟರೆ ಅಷ್ಟು ಜನ ಸೇರುತ್ತಾರೆ. 1970ರ ದಶಕದಲ್ಲೇ ನಕ್ಷೆ ಹಾಕಿ, ಸೈಕಲ್ಲಿಗೆ ಮೊದಲ ಪಂಕ್ತಿ ಎಂದು ತೀರ್ಮಾನಿಸಿ, ಆಮೇಲೆ ಮನೆ ಕಟ್ಟಿದರಂತೆ. ಮೊದಲು ನಕ್ಷೆ, ಆಮೇಲೆ ಊರು! ಈ ತಲೆಕೆಳಗಿನ ಪದ್ಧತಿ ನಮಗೆ ಒಗ್ಗುವುದಿಲ್ಲ ಬಿಡಿ. ಇನ್ನು ಉಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗವಿದೆ ಎಂದಳು. ನಾನು ಚಹಾ ಆರಿಸಿಕೊಳ್ಳುತ್ತಾ ಕೂತೆ.

ಹಾಗಂತ ನಾವೇನು ಕಡಿಮೆಯಿಲ್ಲ. ಒಂದು ಕಾಲಕ್ಕೆ ಪುಣೆ ಅಂದರೇ ಸೈಕಲ್ಲಿನ ಊರು. ಟ್ರ್ಯಾಕ್ ಪಾಕ್ ಎಂದು ಕೇಳದೆ ಜನ ಸೈಕಲ್ ಹೊಡೆದರು. ಆಮೇಲೆ ಎಲ್ಲರೂ ಸ್ಕೂಟರ್ ಹತ್ತಿದರು. ಆಗ ಪಾಲಿಕೆಗೆ ಸೈಕಲ್ ನೆನಪಾಯಿತು. 2006ರಲ್ಲಿ ಸಾತಾರಾ ರಸ್ತೆಗೆ ತನ್ನದೇ ಪ್ರತ್ಯೇಕ ದಾರಿಯಲ್ಲಿ ಓಡುವ ಬಿಆರ್‌ಟಿ ಬಸ್ ಬಂತು, ಜೊತೆಗೆ ಸೈಕಲ್ ಟ್ರ್ಯಾಕೂ ಬಂತು. 2017ರಲ್ಲಿ ಇಡೀ ಊರಿಗೆ ಒಂದು ಸೈಕಲ್ ಯೋಜನೆಯೇ ಒಪ್ಪಿಗೆಯಾಯಿತು. ಉಣ್ಣುವವರು ಎದ್ದು ಕೈ ತೊಳೆದ ಮೇಲೆ ಎಲೆ ಹಾಸಿದ ಹಾಗೆ.

ನೆದರ್‌ಲ್ಯಾಂಡ್ಸ್‌ನ ಕೆಲವು ಬೀದಿಗಳಲ್ಲಿ 'ಇಲ್ಲಿ ಕಾರು ಅತಿಥಿ' ಎಂಬ ಬೋರ್ಡು ಇರುತ್ತದಂತೆ. ಅವರ ಪ್ರಕಾರ ಅತಿಥಿ ಎಂದರೆ ಸೈಕಲ್ ಹಿಂದೆ ತೆಪ್ಪಗೆ ಬರುವವನು. ನಮ್ಮ ಸಂಸ್ಕೃತಿ ಬೇರೆ. ನಮ್ಮಲ್ಲಿ ಅತಿಥಿ ದೇವರು. ನಂಬದವರು ನಮ್ಮ ಓಣಿಯ ತುದಿಗೆ ಬನ್ನಿ. ಸೈಕಲ್ ಟ್ರ್ಯಾಕಿನ ಮೇಲೆ ಒಂದು ಕಾರು ಕವರ್ ಹೊದ್ದು ಮಲಗಿದೆ. ದಸರೆಗೆ ಹಾಕಿದ ಚೆಂಡು ಹೂವಿನ ಮಾಲೆ ಒಣಗಿ ಬಂಪರಿನಲ್ಲಿ ನೇತಾಡುತ್ತಿದೆ. ಗಾಲಿ ಕೆಳಗೆ ನಜ್ಜುಗುಜ್ಜಾದ ನಿಂಬೆಹಣ್ಣು ಬೇರೆ. ಹಳೇ ಪೇಟೆಗಳ ಓಣಿಯಲ್ಲಂತೂ ಸಮ ತಾರೀಕಿಗೆ ಒಂದು ಬದಿ, ಬೆಸ ತಾರೀಕಿಗೆ ಇನ್ನೊಂದು ಬದಿ ಗಾಡಿ ನಿಲ್ಲಿಸಬೇಕು. ಗಾಡಿಗೆ ತಿಥಿ ನೋಡುವ ಊರು ನಮ್ಮದು. ಸೈಕಲ್ಲಿನ ತಿಥಿ ಮಾತ್ರ ದಿನಾ ನಡೆಯುತ್ತದೆ.

ಮೂರನೇ ದಿನ ಅವಳು ಹಟ ಹಿಡಿದಳು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಲು ಇಟ್ಟಿದ್ದ ನನ್ನ ಸೈಕಲ್ ಇಳಿಸಿ, ಗಾಳಿ ಹೊಡೆಸಿ ಹೊರಟೆವು. ಅವಳು ಸೈಕಲ್ ಮೇಲೆ, ನಾನು ಪಕ್ಕದಲ್ಲಿ ನಡೆದು. ಸ್ವಲ್ಪ ಹೊತ್ತಿಗೇ ಗೊತ್ತಾಯಿತು, ನಡೆಯುವವನೇ ಮುಂದೆ ಎಂದು.

ಟ್ರ್ಯಾಕಿನ ಬಾಯಲ್ಲೇ ಮೂರು ಸ್ಟೀಲ್ ಕಂಬ. ಹ್ಯಾಂಡಲ್ ಸಿಕ್ಕಿಕೊಂಡಿತು. ಇಳಿದು, ಓರೆ ಮಾಡಿ, ಎತ್ತಿ ದಾಟಿಸಿದೆವು. ಆಮೇಲೆ ವಡಾಪಾವ್ ಗಾಡಿ. ಅಲ್ಲಿ ಒಂದೊಂದು ತಿಂದೆವು, ಅದಕ್ಕೆ ತಕರಾರಿಲ್ಲ. ಅದರಾಚೆ ಕರೆಂಟಿನ ಡಬ್ಬಿ, ನಂತರ ಬಸ್ ಸ್ಟಾಪು. ಅದನ್ನೂ ದಾಟಿದರೆ ಪೇವರ್ ಬ್ಲಾಕಿನ ಮೇಲೆ ಬಿಳಿ ಬಣ್ಣದ ಸೈಕಲ್ ಚಿತ್ರ. ಯಾರೋ ಪೈಪಿಗಾಗಿ ಅಗೆದಿದ್ದಾರೆ. ಮುಚ್ಚಿದವರು ಬ್ಲಾಕುಗಳನ್ನು ಕೈಗೆ ಸಿಕ್ಕ ಹಾಗೆ ಜೋಡಿಸಿದ್ದಾರೆ. ಎರಡು ಗಾಲಿ ಒಂದರ ಮೇಲೊಂದು, ಹ್ಯಾಂಡಲ್ ಚರಂಡಿ ಕಡೆಗೆ, ಸೀಟು ನಾಪತ್ತೆ. ಇಲ್ಲಿ ಸೈಕಲ್ ಹೊಡೆದರೆ ಏನಾಗುತ್ತದೆ ಎಂದು ಮೊದಲೇ ಬರೆದಿಟ್ಟ ಎಚ್ಚರಿಕೆ. ಇಷ್ಟು ಪ್ರಾಮಾಣಿಕ ಬೋರ್ಡು ಹೌಟನ್‌ನಲ್ಲಿ ಇರಲಿಕ್ಕಿಲ್ಲ.

ಅವಳು ಬಗ್ಗಿ ಅದರ ಫೋಟೋ ತೆಗೆಯುತ್ತಿದ್ದಳು. ಎದುರಿನಿಂದ ಒಂದು ಸ್ಕೂಟರ್ ಬಂತು. ಟ್ರ್ಯಾಕಿನ ಮೇಲೇ, ಅದೂ ಉಲ್ಟಾ ದಿಕ್ಕಿನಲ್ಲಿ. ಮುಂದೆ ಗ್ಯಾಸ್ ಸಿಲಿಂಡರ್, ಹಿಂದೆ ಒಬ್ಬ ಹುಡುಗ. ಸ್ಕೂಟರಿನವರು ಹಾರ್ನ್ ಹೊಡೆದು, ಸೈಕಲ್ ನೋಡಿ, ನಿಜವಾದ ಕಾಳಜಿಯಿಂದಲೇ ಹೇಳಿದರು:

"ಓ ತಾಈ, ಸೈಕಲ್ ರಸ್ತ್ಯಾವರ್ ಚಾಲವಾ ನಾ!"

ಸೈಕಲ್ ರಸ್ತೆ ಮೇಲೆ ಹೊಡೀರಿ ಅಂತ. ಎರಡು ವರ್ಷದ ಅಭ್ಯಾಸ ನೋಡಿ, ಅವಳು ಸಾರಿ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.