ಬೇತಾಳಕ್ಕೆ ಸರ್ಟಿಫಿಕೇಟು ಕೊಟ್ಟವರಾರು?

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಿಂದ ತುಸು ಒಳಗೆ, ಕೆರೆಯ ದಂಡೆಯಲ್ಲಿರುವ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದಲ್ಲಿ, ಕಾಳಿಯ ಗುಡಿಯ ಬಾಗಿಲಿಗೆ ಎರಡು ಬೇತಾಳಗಳು ಕಾವಲು ನಿಂತಿವೆ. ಮಾಂಸವೆಲ್ಲ ಕರಗಿ ಎಲುಬಿನ ಹಂದರವಷ್ಟೇ ಉಳಿದ ಈ ಎತ್ತರದ ಆಕೃತಿಗಳನ್ನು 12ನೇ ಶತಮಾನದಲ್ಲಿ ಕಡೆದ ಶಿಲ್ಪಿಯು ಯಾವ ಸೆನ್ಸಾರ್ ಮಂಡಳಿಯ ಮುಂದೆಯೂ ಅರ್ಜಿ ಹಿಡಿದು ನಿಂತಂತೆ ಕಾಣುವುದಿಲ್ಲ. ನಾನು ಹೋದ ದಿನ ಅಲ್ಲಿಗೆ ಶಾಲಾ ಪ್ರವಾಸದ ಮಕ್ಕಳು ಬಂದಿದ್ದರು. ಒಬ್ಬ ಹುಡುಗ ಅಂಗಿ ಎತ್ತಿ, ಉಸಿರು ಬಿಗಿಹಿಡಿದು, ಹೊಟ್ಟೆಯನ್ನು ಒಳಗೆಳೆದುಕೊಂಡು, ತನ್ನ ಪಕ್ಕೆಲುಬು ಹೆಚ್ಚೋ ಬೇತಾಳದ್ದು ಹೆಚ್ಚೋ ಎಂದು ಗೆಳೆಯನಿಂದ ಎಣಿಸಿಕೊಳ್ಳುತ್ತಿದ್ದ.

ಅದೇ ಬೇತಾಳ ತೆರೆಯ ಮೇಲೆ ಬಂದರೆ ಸರ್ಕಾರವು ಮೊದಲು ಹುಡುಗನ ವಯಸ್ಸು ವಿಚಾರಿಸುತ್ತದೆ. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯಲ್ಲಿ, ಹೆತ್ತವರ ವಿವೇಚನೆಯ ಮೇಲೆ ಮಕ್ಕಳು ನೋಡಬಹುದಾದ ಯು/ಎ ವರ್ಗವು 7, 13, 16 ವರ್ಷ ಎಂದು ಮೂರು ಹೋಳಾಗಿದೆ. ಇನ್ನು ಮಾರ್ಗಸೂಚಿಯ ಪ್ರಕಾರ ಅರ್ಥಹೀನವಾದ ಅಥವಾ ತಪ್ಪಿಸಬಹುದಾದ ಭಯಾನಕ ದೃಶ್ಯಗಳು ಚಿತ್ರದಲ್ಲಿ ಇರಕೂಡದು. ಭಯಾನಕವನ್ನೂ ಬೀಭತ್ಸವನ್ನೂ ರಸಗಳ ಸಾಲಿನಲ್ಲೇ ಕೂರಿಸಿದ ಭರತಮುನಿಗೆ, ತಪ್ಪಿಸಬಹುದಾದ ಭಯ ಮತ್ತು ತಪ್ಪಿಸಲಾಗದ ಭಯ ಎಂಬ ಸೂಕ್ಷ್ಮ ಹೊಳೆದಿರಲಿಲ್ಲ, ಪಾಪ. ಬೀಡಿ ಸೇದುತ್ತಿರುವ ಮಂತ್ರವಾದಿಯ ಕತ್ತನ್ನು ದೆವ್ವ ಹಿಸುಕುತ್ತಿದ್ದರೂ, ಅವನ ಪ್ರಾಣಕ್ಕೆ ಧೂಮಪಾನದಿಂದಲೇ ಅಪಾಯವೆಂಬ ಧಾಟಿಯ ಎಚ್ಚರಿಕೆಯೊಂದು ತೆರೆಯ ಮೂಲೆಯಲ್ಲಿ ತಪ್ಪದೆ ಕಾಣಿಸಿಕೊಳ್ಳುತ್ತದೆ.

ಈ ವಿದ್ಯೆ ನಮಗೆ 1918ರ ಕಾಯ್ದೆಯೊಡನೆ ಬ್ರಿಟಿಷರಿಂದ ಬಂದದ್ದು. ಗುರುಗಳು ಶಿಷ್ಯರಿಗಿಂತ ಒಂದು ಕೈ ಮೇಲು. 1932ರಲ್ಲಿ ಅವರು ಭೀಕರ ಚಿತ್ರಗಳಿಗೆಂದೇ ‘ಎಚ್’ ಎಂಬ ಮುದ್ರೆ ತಂದರು. ಮಹಾಯುದ್ಧದಲ್ಲಿ ಊರೂರೇ ಸುಟ್ಟು ಬೂದಿಯಾಗುತ್ತಿದ್ದಾಗ, 1942ರಿಂದ 1945ರವರೆಗೆ, ಪ್ರಜೆಗಳು ಎದೆಗುಂದಬಾರದೆಂದು ಆ ಮುದ್ರೆಯ ಚಿತ್ರಗಳನ್ನೇ ತಡೆಹಿಡಿದರು. ಬಳಿಕ ಅಲ್ಲಿ ಮನೆಮನೆಗೆ ವಿಡಿಯೊ ಕ್ಯಾಸೆಟ್ ಬಂದಿತು, ಅದರ ಹಿಂದೆಯೇ ಪೊಲೀಸರೂ ಬಂದರು. ವಿಡಿಯೊಗಳಿಗೂ ಮುದ್ರೆ ಕಡ್ಡಾಯವೆಂದು 1984ರಲ್ಲಿ ಕಾಯ್ದೆಯಾಯಿತು. ಅದರ ಬಗ್ಗೆ ಐರೋಪ್ಯ ಒಕ್ಕೂಟದ ಆಯೋಗಕ್ಕೆ ಕೊಡಬೇಕಿದ್ದ ಸೂಚನೆಯನ್ನು ಯಾರೂ ಕೊಟ್ಟಿರಲೇ ಇಲ್ಲ, ಆದ್ದರಿಂದ ಅದನ್ನು ಜಾರಿಮಾಡಲು ಬರುವುದಿಲ್ಲ ಎಂಬುದು ಬೆಳಕಿಗೆ ಬಂದದ್ದು 2009ರಲ್ಲಿ. 25 ವರ್ಷ ಅಂಗಡಿಯವರನ್ನು ಬೆವರಿಳಿಸಿದ ಆ ಕಾಯ್ದೆಯ ಪಾದಗಳು ಹಿಂದುಮುಂದಾಗಿರುವುದನ್ನು ಅಷ್ಟು ದಿನ ಯಾರೂ ಬಗ್ಗಿ ನೋಡಿರಲಿಲ್ಲ. ಮರುವರ್ಷ ಅಲ್ಲಿನ ಸಂಸತ್ತು ಅದೇ ಕಾಯ್ದೆಗೆ ಮತ್ತೆ ಜೀವ ತುಂಬಿತು. ಇಂಥ ಕೆಲಸವನ್ನು ನಮ್ಮ ಕಡೆ ಮಂತ್ರವಾದಿಗಳು ಮಾಡುತ್ತಾರೆ.

ತೊಂಬತ್ತರ ದಶಕದಲ್ಲಿ ನಮ್ಮ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದರು. ಮಂಡಳಿಯ ಒಕ್ಕಣೆಯೂ ಅದೇ, ವಿಳಾಸ ಮಾತ್ರ ಬೇರೆ: ಒಳಗೆ ದೆವ್ವವಿದೆ, ಮಗುವೇ, ಹೆತ್ತವರು ಬೇಡವೆಂದರೆ ನೀನು ಮೂರು ವರ್ಷ ಬಿಟ್ಟು ಬಾ.

ದೊಡ್ಡಗದ್ದವಳ್ಳಿಯಿಂದ ಬಸ್ಸು ಹೊರಡುವಾಗ ಚಾಲಕನು ದೆವ್ವದ ಸಿನಿಮಾವೊಂದನ್ನು ಹಾಕಿದ. ಮೇಷ್ಟ್ರು ಗಾಬರಿಯಿಂದ ಎದ್ದು, “ಆಫ್ ಮಾಡಪ್ಪ, ಮಕ್ಳು ಹೆದರ್ಕೋತವೆ” ಎಂದರು. ಹಿಂದಿನ ಸೀಟಿನಲ್ಲಿ ಪಕ್ಕೆಲುಬಿನ ಎಣಿಕೆ ಇನ್ನೂ ನಡೆದೇ ಇತ್ತು.