ಬೈಕ್ ಬರುತ್ತೆ ಅಂದ್ರೆ ಎಟಿವಿ ಬರುತ್ತೆ ಅಂತಲ್ಲ

ಇನ್ನು ಎರಡು ಮೂರು ವಾರದಲ್ಲಿ ನಮ್ಮ ಕಡೆ ತೋಟಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ರೋಗದ ಔಷಧಿ) ಹೊಡೆಯುವ ಕೆಲಸ ಶುರುವಾಗುತ್ತದೆ. ಅದಕ್ಕೆ ಮೊದಲು ಇದನ್ನು ಬರೆದುಬಿಡಬೇಕು. ಕಳೆದ ವರ್ಷ ಇದೇ ಹೊತ್ತಿಗೆ ಯಾರಾದರೂ ನನಗೆ ಇದನ್ನೆಲ್ಲ ಹೇಳಿದ್ದರೆ ಒಬ್ಬ ಹುಡುಗನ ಕಾಲು ಮುರಿಯುತ್ತಿರಲಿಲ್ಲ.

ಕೊಡಗಿನ ಮಾದಾಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಜೀಪು ಹೋಗದ ಕಡೆಗೂ ಹೋಗುತ್ತೆ ಅಂತ ಒಂದು ಎಟಿವಿ ತಗೊಂಡೆವು, ಅಂದರೆ ಬೈಕಿನ ಹಾಗೆ ಮೇಲೆ ಕೂತು ಹ್ಯಾಂಡಲ್ ಹಿಡಿದು ಓಡಿಸುವ, ದಪ್ಪ ಟಯರಿನ ನಾಲ್ಕು ಚಕ್ರದ ಗಾಡಿ. ಗೊಬ್ಬರ, ಪೈಪು, ಕತ್ತಿ, ಕೆಲಸದವರ ಊಟ, ಎಲ್ಲ ಅದರಲ್ಲೇ. ಉಪಯೋಗದ ಗಾಡಿ, ಅದರಲ್ಲಿ ಎರಡು ಮಾತಿಲ್ಲ. ನಮ್ಮವರು ಅದಕ್ಕೆ ‘ನಾಲ್ಕು ಚಕ್ರದ ಬೈಕ್’ ಅಂತ ಹೆಸರಿಟ್ಟರು. ನಾನೂ ಹಾಗೇ ಕರೆದೆ. ತಪ್ಪು ಶುರುವಾಗಿದ್ದೇ ಆ ಹೆಸರಿನಿಂದ.

ಲೈನ್ ಮನೆಯ (ತೋಟದ ಕೆಲಸದವರ ಸಾಲು ಮನೆ) ಹುಡುಗ, 22 ವರ್ಷ. ಬೈಕ್ ಚೆನ್ನಾಗಿ ಓಡಿಸ್ತಾನೆ. ಅಷ್ಟು ಸಾಕು ಅಂದುಕೊಂಡು ಕೀ ಕೊಟ್ಟೆ. ಮೆಣಸಿನ ಬಳ್ಳಿಗೆ ಬೋರ್ಡೋ ಹೊಡೆಯುವ ದಿನ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ. ಅದನ್ನು ನಾವು ಗ್ರಾಂ ಲೆಕ್ಕದಲ್ಲಿ ತೂಗುತ್ತೇವೆ. ಆ 100 ಲೀಟರನ್ನು ಡ್ರಮ್ಮಿಗೆ ತುಂಬಿ ಗಾಡಿಯ ಹಿಂದೆ ಕಟ್ಟಿದರೆ 100 ಕೆಜಿಗೂ ಜಾಸ್ತಿ ಭಾರ ಅನ್ನೋದು ಮಾತ್ರ ತಲೆಗೆ ಬರಲಿಲ್ಲ. ಹಿಂದಿನ ಕ್ಯಾರಿಯರ್ ಎಷ್ಟು ಹೊರಬಹುದು ಅಂತ ಗಾಡಿಯ ಮೇಲೇ ಸ್ಟಿಕ್ಕರ್ ಇತ್ತು. ನಾನು ಓದಿರಲಿಲ್ಲ.

ಮಳೆ ಬಿದ್ದು ಎರಡು ದಿನವಾಗಿತ್ತು. ಡ್ರಮ್ಮು ಅರ್ಧ ಖಾಲಿಯಾಗಿತ್ತು. ತೋಡಿನ ಕಡೆಯ ಇಳಿಜಾರಿನಲ್ಲಿ ಅವನು ಅಡ್ಡಕ್ಕೆ ಹೋದ. ತುಂಬಿದ ಡ್ರಮ್ಮು ಸುಮ್ನೆ ಭಾರ, ಅರ್ಧ ಡ್ರಮ್ಮು ಓಡಾಡುವ ಭಾರ. ಒಳಗಿನ ನೀರೆಲ್ಲ ತಗ್ಗಿನ ಕಡೆಗೆ ನುಗ್ಗಿತು, ಗಾಡಿ ವಾಲಿತು. ಬೈಕ್ ವಾಲಿದಾಗ ನಾವು ಏನು ಮಾಡ್ತೀವಿ? ಕಾಲು ಕೆಳಗಿಡ್ತೀವಿ. ಅವನೂ ಇಟ್ಟ. ಎಟಿವಿಯಲ್ಲಿ ಹಾಗೆ ಇಟ್ಟ ಕಾಲಿನ ಬೆನ್ನಿಗೇ ಹಿಂದಿನ ಚಕ್ರ ಇರುತ್ತದೆ. ಅದು ಅವನ ಮೀನಖಂಡದ ಮೇಲೆ ಹತ್ತಿತು. ಗಾಡಿ ಮಗ್ಗುಲಿಗೆ ಬಿದ್ದು ಒಂದು ಸಿಲ್ವರ್ ಮರಕ್ಕೆ ಆತುಕೊಂಡು ನಿಂತಿತು.

ಅಲ್ಲಿ ನೆಟ್‌ವರ್ಕ್ ಇಲ್ಲ. ಜೊತೆಗಿದ್ದವನು ಮನೆ ತನಕ ಓಡಿ ಬಂದ. ನಾವು ಹೋಗುವಾಗ ಇಂಜಿನ್ ಇನ್ನೂ ಓಡುತ್ತಿತ್ತು. ಹುಡುಗನ ಮೈಯೆಲ್ಲ ನೀಲಿ. ರೆಪ್ಪೆಯ ಮೇಲೂ ಬೋರ್ಡೋ. ಕಣ್ಣು ಬಿಡೋಕೆ ಆಗದೆ ‘ಅಣ್ಣಾ, ಗಾಡಿಗೆ ಏನಾಯ್ತು’ ಅಂತ ಕೇಳಿದ. ಆ ಮಾತು ನನಗೆ ಇವತ್ತಿಗೂ ನಿದ್ದೆಯಲ್ಲಿ ಕೇಳಿಸುತ್ತದೆ.

ಆ ಮರ ಇಲ್ಲದಿದ್ದರೆ 300 ಕೆಜಿ ಆಸುಪಾಸಿನ ಗಾಡಿ ಎದೆಯ ಮೇಲೆ ಬರುತ್ತಿತ್ತು. ಇಂಥ ಗಾಡಿಯ ಅಡಿಗೆ ಸಿಕ್ಕಿದವರು ಒಂದು ಮೂಳೆಯೂ ಮುರಿಯದೆ, ಬರೀ ಉಸಿರು ಕಟ್ಟಿ ಸಾಯುವುದುಂಟು. ಆಸ್ಪತ್ರೆಯಲ್ಲಿ ಅವನ ತಾಯಿ ನನ್ನನ್ನು ಬಯ್ಯಲಿಲ್ಲ. ‘ಅವನಿಗೆ ಯಾರೂ ಹೇಳಿಕೊಡಲಿಲ್ವಾ ಅಣ್ಣಾ?’ ಅಂದರು ಅಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಕೂತು ಕಲಿತೆ. ಬೈಕ್ ತಿರುವಿನಲ್ಲಿ ತಾನೇ ವಾಲುತ್ತದೆ. ಎಟಿವಿ ವಾಲುವುದಿಲ್ಲ, ನಾವೇ ಮೈ ವಾಲಿಸಬೇಕು. ಏರು ಹತ್ತುವಾಗ ಮುಂದಕ್ಕೆ, ಇಳಿಯುವಾಗ ಹಿಂದಕ್ಕೆ, ತಿರುವಿನಲ್ಲಿ ಒಳಗಿನ ಕಡೆಗೆ. ಅಗಲ ಕಮ್ಮಿ, ಎತ್ತರ ಜಾಸ್ತಿ. ಹಾಗಾಗಿ ಮೇಲೆ ಕೂತವನ ಮೈಯೇ ಅದರ ಅರ್ಧ ಬ್ಯಾಲೆನ್ಸು. ಸೀಟು ಅಷ್ಟು ಉದ್ದ ಇರೋದು ಅದಕ್ಕೇ. ಮುಂದೆ ಹಿಂದೆ ಜರುಗೋಕೆ ಆ ಜಾಗ, ಇನ್ನೊಬ್ಬರನ್ನು ಕೂರಿಸೋಕಲ್ಲ. ಹಿಂದೆ ಒಬ್ಬರು ಕೂತರೆ ಓಡಿಸುವವನು ಜರುಗೋದು ಎಲ್ಲಿಗೆ? ನಾವು ತೋಟದ ಲೆಕ್ಕ ನೋಡುವ ರೈಟರನ್ನು ಎಷ್ಟು ಸಲ ಹಿಂದೆ ಕೂರಿಸಿಕೊಂಡು ಹೋಗಿಲ್ಲ, ಅಲ್ವಾ?

ಟಯರ್ ಗಾಳಿಯೂ ಹಾಗೇ. ಕಾರಿಗೆ 30 ಪಿಎಸ್‌ಐ ಹಾಕಿದರೆ ಇದಕ್ಕೆ ಸಾಮಾನ್ಯವಾಗಿ ಹತ್ತರ ಒಳಗೆ. ಪಂಚರ್ ಅಂಗಡಿಯಲ್ಲಿ ಕಾರಿನ ಲೆಕ್ಕಕ್ಕೆ ಹಾಕಿಸಿದರೆ ಗಾಡಿ ಚೆಂಡಿನ ಹಾಗೆ ಪುಟಿಯುತ್ತದೆ. ಟಾರ್ ರೋಡಿಗೆ ಇದು ಹೇಳಿ ಮಾಡಿಸಿದ ಗಾಡಿಯೂ ಅಲ್ಲ.

ಮಕ್ಕಳ ವಿಷಯ ಬಂದರೆ ನನಗೆ ಕೋಪವೇ ಬರುತ್ತದೆ. ರಜೆಗೆ ಬೆಂಗಳೂರಿಂದ ಬಂದ ಮಕ್ಕಳು ಮೂರು ಮೂರು ಜನ ಕೂತು ಕಣದಿಂದ ಗೇಟಿನ ತನಕ ಓಡಿಸ್ತಾರೆ, ದೊಡ್ಡವರು ವಿಡಿಯೊ ಮಾಡ್ತಾರೆ. ದೊಡ್ಡ ಎಟಿವಿಗಳ ಮೇಲೆ 16 ವರ್ಷದ ಒಳಗಿನವರು ಓಡಿಸಬಾರದು ಅಂತ ಎಚ್ಚರಿಕೆ ಅಂಟಿಸಿರುತ್ತಾರೆ. ಇದರ ಆಕ್ಸಿಲರೇಟರ್ ಹೆಬ್ಬೆರಳಲ್ಲಿ. ಮಗು ಹೆದರಿ ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ಹೆಬ್ಬೆರಳೂ ಒತ್ತುತ್ತದೆ. ಹೋಂಸ್ಟೇ ನಡೆಸುವವರಿಗೂ ಇದೇ ಮಾತು. ಐದು ನಿಮಿಷ ಹೇಳಿಕೊಟ್ಟು ಗೆಸ್ಟ್‌ಗಳನ್ನು ಇಳಿಜಾರಿಗೆ ಕಳಿಸಬೇಡಿ.

ಸ್ಟೇರಿಂಗು, ಮೇಲೆ ಕಂಬಿಯ ಗೂಡು ಇರುವ ಯುಟಿವಿ ಇದಕ್ಕಿಂತ ವಾಸಿ, ನಿಜ. ಆದರೆ ಬೆಲ್ಟ್ ಹಾಕಿದರೆ ಮಾತ್ರ. ಹಾಕದಿದ್ದರೆ ಗಾಡಿ ಮಗುಚುವಾಗ ಮನುಷ್ಯ ಹೊರಗೆ ಬೀಳ್ತಾನೆ, ಕಾಪಾಡಬೇಕಾದ ಗೂಡೇ ಅವನ ಮೇಲೆ ಬೀಳುತ್ತದೆ. ‘ಗೇಟ್ ತೆಗೆಯೋಕೆ ಇಳೀತಾನೇ ಇರಬೇಕಲ್ಲ’ ಅಂತ ನಾವ್ಯಾರೂ ತೋಟದೊಳಗೆ ಬೆಲ್ಟ್ ಹಾಕಲ್ಲ. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಕೃಷಿಗೆ ಮಾರುವ ಹೊಸ ಎಟಿವಿಗೆ ಸವಾರನ ಹಿಂದೆ ಕಮಾನಿನಂಥ ರಕ್ಷಣೆ ಕಡ್ಡಾಯ. ಗಾಡಿ ಮಗುಚಿದರೆ ಅಡಿಯಲ್ಲಿ ಉಸಿರಾಡೋಕೆ ಒಂದಿಷ್ಟು ಜಾಗ ಉಳಿಯಲಿ ಅಂತ. ಗಾಡಿ ತಗೊಳ್ಳುವಾಗ ನಾವೂ ಅದನ್ನು ಕೇಳಬೇಕು.

‘ಕೆಲಸಕ್ಕೆ ಜನಾನೇ ಸಿಗಲ್ಲ, ಇಷ್ಟೆಲ್ಲ ರೂಲ್ಸ್ ಹಾಕಿದರೆ ಯಾರು ಬರ್ತಾರೆ’ ಅಂದರು ಪಕ್ಕದ ತೋಟದವರು. ಕಷ್ಟ ನನಗೂ ಗೊತ್ತು. ಆದರೆ ಅಸ್ಸಾಂನಿಂದ ಮೊನ್ನೆ ಬಂದಿಳಿದ ಹುಡುಗನಿಗೆ ನಮ್ಮ ಗುಡ್ಡದ ಗುಣ ಏನು ಗೊತ್ತು? ಜೆಸಿಬಿ ಕಡಿದ ದಾರಿಯ ಹೊರಗಿನ ಅಂಚು ತುಂಬಿಸಿದ ಮಣ್ಣು, ಮಳೆಗೆ ಕುಸಿಯುತ್ತೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು? ಮಣ್ಣು ಹೇಗೆ ಜಾರುತ್ತೆ ಅಂತ 2018ರ ಭೂಕುಸಿತದಲ್ಲಿ ಕಣ್ಣಾರೆ ನೋಡಿದವರು ನಾವು. ತೋಟದೊಳಗೆ ಪೊಲೀಸರು ಬಂದು ಹೆಲ್ಮೆಟ್ ಕೇಳಲ್ಲ. ಕೇಳಬೇಕಾದವರು ಕೀ ಕೊಡುವ ನಾವೇ.

ನಮ್ಮಲ್ಲಿ ಈಗ ಡ್ರಮ್ಮು ಗಾಡಿ ಮೇಲೆ ಇಳಿಜಾರಿಗೆ ಹೋಗೋದಿಲ್ಲ. ಸಪಾಟಾದ ದಾರಿಯಲ್ಲೇ ಪಂಪು ಡ್ರಮ್ಮು ಇಟ್ಟು, ಉದ್ದ ಹೋಸ್ ಎಳೆದು ಹೊಡೆಯುತ್ತೇವೆ. ಅರ್ಧ ದಿನ ಜಾಸ್ತಿ ಹಿಡಿಯುತ್ತೆ, ಹಿಡಿಯಲಿ. ಕಾಲು ವಾಸಿಯಾದ ಮೇಲೆ ಹುಡುಗನೂ ನಾನೂ ಎರಡು ದಿನ ತೋಟ ಪೂರ್ತಿ ನಡೆದೆವು. ಗಾಡಿ ಹೋಗಬಾರದ ಕಡೆಯೆಲ್ಲ ಮರಕ್ಕೆ ಸುಣ್ಣದಲ್ಲಿ ಅಡ್ಡ ಗೆರೆ ಎಳೆದ. ನನಗೆ ಪರವಾಗಿಲ್ಲ ಅನ್ನಿಸಿದ ಎರಡು ಕಡೆ ಅವನೇ ‘ಬೇಡ ಅಣ್ಣಾ’ ಅಂದ. ಅಲ್ಲೂ ಗೆರೆ ಬಿತ್ತು. ಈಗ ಯಾರು ಗಾಡಿ ತಗೊಂಡರೂ ಯಾವ ಕಡೆ ಹೋಗ್ತೀನಿ, ಎಷ್ಟು ಹೊತ್ತಿಗೆ ಬರ್ತೀನಿ ಅಂತ ಮನೆಯಲ್ಲಿ ಹೇಳಿ ಹೋಗಬೇಕು.

ಕಾಫಿ ಒಣಗಿಸಿ ಮುಗಿದಿದೆ, ಕಣ ಖಾಲಿ ಇದೆ. ಬರುವ ಎರಡು ಭಾನುವಾರ ಬೆಳಿಗ್ಗೆ ಅವನೇ ಅಲ್ಲಿ ಹೇಳಿಕೊಡ್ತಾನೆ. ದುಡ್ಡೇನೂ ಬೇಡ. ಸೋಮವಾರಪೇಟೆ, ಮಾದಾಪುರ ಕಡೆ ಯಾರ ಮನೆಯಲ್ಲಿ ಈ ಗಾಡಿ ಇದೆಯೋ ಅವರು ಓಡಿಸುವವರನ್ನು ಕಳಿಸಿ, ನೀವೂ ಬನ್ನಿ. ಶೂ ಹಾಕಿಕೊಂಡು ಬರಲಿ. ಹೆಲ್ಮೆಟ್ ನಮ್ಮಲ್ಲಿರೋದು ಎರಡೇ, ಇದ್ದವರು ತರಲಿ.